ನಾಳೆಯ ಹಿಟ್ಟು, ಇಂದಿನ ಪಡಿ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕ್ರೈಸ್ತ ಮನೆಗಳು ಕಥೋಲಿಕ ಸಭೆಗೆ ಸೇರಿದವಾಗಿರಲಿ, ಪ್ರಾಟೆಸ್ಟಂಟ್ ಸಭೆಗೆ ಸೇರಿದವಾಗಿರಲಿ, ಅಲ್ಲಿನ ಮಕ್ಕಳು ಎಳವೆಯಲ್ಲೇ ಬಾಯಿಪಾಠ ಮಾಡುವ ಪ್ರಾರ್ಥನೆ ಒಂದೇ ಆಗಿದ್ದು, ಅದನ್ನು ಕೆಲವರು ಪರಲೋಕ ಪ್ರಾರ್ಥನೆ ಎಂದೂ ಕೆಲವರು ಕರ್ತನ ಪ್ರಾರ್ಥನೆ ಎಂದೂ ಕರೆಯುತ್ತಾರೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದನೆಂದು ಮತ್ತಾಯ ಮತ್ತು ಲೂಕರ ಸುವಾರ್ತೆಗಳು ಹೇಳುವ ಈ ಪ್ರಾರ್ಥನೆಯ ನಡುಭಾಗದಲ್ಲಿ ‘ಅನುದಿನದ ಆಹಾರ’ವನ್ನು ಬೇಡುವ ಮಾತು ಬರುತ್ತದೆ. ಇಡೀ ಪ್ರಾರ್ಥನೆಯಲ್ಲಿ ಇದಕ್ಕಿಂತ ಸುಲಭವಾದ ಮಾತು ಮತ್ತೊಂದಿಲ್ಲವೆಂದೇ ಕೇಳುವವರಿಗೆ ಅನ್ನಿಸುತ್ತದೆ; ಆದರೆ ಸುವಾರ್ತೆಗಳ ಮೂಲ ಗ್ರೀಕ್ ಪಾಠವನ್ನು ಬಿಡಿಸಿ ನೋಡಿದರೆ, ‘ಅನುದಿನದ’ ಎಂದು ಕನ್ನಡದಲ್ಲಿ ನಿಂತಿರುವ ಕಡೆ ‘ಎಪಿಯೂಸಿಯೊಸ್’ ಎಂಬ ವಿಶೇಷಣವಿದೆ, ಮತ್ತು ಆ ವಿಶೇಷಣದ ಅರ್ಥವೇನೆಂಬ ಬಗ್ಗೆ ಸುಮಾರು 1800 ವರ್ಷಗಳಿಂದ ವಿದ್ವಾಂಸರಲ್ಲಿ ಒಮ್ಮತ ಮೂಡಿಲ್ಲ.

ಒಂದು ಭಾಷೆಯಲ್ಲಿ ಒಂದೇ ಸಂದರ್ಭದಲ್ಲಿ ಮಾತ್ರ ಸಿಕ್ಕಿ, ಬೇರೆಲ್ಲಿಯೂ ಕಾಣಸಿಗದ ಪದವನ್ನು ಏಕಪ್ರಯೋಗ ಪದ ಎನ್ನಬಹುದು. ಅಂಥ ಪದಕ್ಕೆ ಅರ್ಥ ಹೇಳುವುದು ಕಷ್ಟ, ಏಕೆಂದರೆ ನಿಘಂಟುಕಾರರು ಪದವೊಂದರ ಅರ್ಥವನ್ನು ನಿರ್ಧರಿಸುವುದು ಅದು ಹತ್ತು ಕಡೆ ಹೇಗೆ ಬಳಕೆಯಾಗಿದೆ ಎಂಬುದನ್ನು ನೋಡಿಯೇ. ಎಪಿಯೂಸಿಯೊಸ್ ಮತ್ತಾಯನ ಆರನೆಯ ಅಧ್ಯಾಯದ ಹನ್ನೊಂದನೆಯ ವಚನದಲ್ಲಿ ಒಮ್ಮೆ, ಲೂಕನ ಹನ್ನೊಂದನೆಯ ಅಧ್ಯಾಯದ ಮೂರನೆಯ ವಚನದಲ್ಲಿ ಇನ್ನೊಮ್ಮೆ ಬರುತ್ತದೆ. ಇವೆರಡರ ಹೊರಗೆ, ‘ದಿದಖೆ’ ಎಂಬ ಹೆಸರಿನಿಂದ ಪ್ರಸಿದ್ಧವಾದ, ಆದಿ ಕ್ರೈಸ್ತ ಸಭೆಗಳ ಒಂದು ಚಿಕ್ಕ ಕೈಪಿಡಿಯಲ್ಲಿ ಬಂದರೂ ಅಲ್ಲಿರುವುದು ಇದೇ ಪ್ರಾರ್ಥನೆಯಾದ್ದರಿಂದ ಅದನ್ನು ಬೇರೆ ಸಾಕ್ಷಿಯೆಂದು ಎಣಿಸಲಾಗದು. ಮೂರನೆಯ ಶತಮಾನದಲ್ಲಿ ಬದುಕಿದ್ದ, ಗ್ರೀಕನ್ನೇ ಮನೆಮಾತಾಗಿ ಆಡುತ್ತಿದ್ದ ಅಲೆಕ್ಸಾಂಡ್ರಿಯದ ಪಂಡಿತ ಒರಿಗೆನ್, ಪ್ರಾರ್ಥನೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಈ ಪದವನ್ನು ಗ್ರೀಕ್ ಪಂಡಿತರೂ ಬಳಸಿಲ್ಲ, ಸಾಮಾನ್ಯ ಜನರ ಆಡುಮಾತಿನಲ್ಲೂ ಇಲ್ಲ, ಸುವಾರ್ತೆ ಬರೆದವರೇ ಹೊಸದಾಗಿ ಟಂಕಿಸಿದಂತಿದೆ ಎಂದು ಹೇಳಿದ್ದಾನೆ. ಆ ಭಾಷೆ ಜೀವಂತವಾಗಿದ್ದ ಕಾಲದಲ್ಲಿ, ಅದನ್ನು ಹುಟ್ಟಿನಿಂದ ಬಲ್ಲವನೊಬ್ಬನೇ ಹೀಗೆ ಕೈಚೆಲ್ಲಿದ್ದಾನೆ ಎಂದ ಮೇಲೆ, ಉಳಿದವರ ಪಾಡನ್ನು ಊಹಿಸಿಕೊಳ್ಳಬಹುದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಆಸೆ ಚಿಗುರಿತ್ತು. ಈಜಿಪ್ಟಿನ ಹವಾರಾ ಎಂಬಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ತ್ವಜ್ಞ ಅಗೆಸಿ ತೆಗೆದ ಪಪೈರಸ್ ಹಾಳೆಗಳಲ್ಲಿ ಒಂದು ಮನೆವಾರ್ತೆಯ ಖರ್ಚಿನ ಪಟ್ಟಿ ಇತ್ತು. 1889ರಲ್ಲಿ ಅದನ್ನು ಓದಿ ಪ್ರಕಟಿಸಿದ ಆರ್ಚಿಬಾಲ್ಡ್ ಸೇಸ್, ಪಟ್ಟಿಯ ಒಂದು ಸಾಲಿನಲ್ಲಿ ಎಪಿಯೂಸಿಯೊಸ್ ಪದದ ಮೊದಲ ಅಕ್ಷರಗಳಿವೆಯೆಂದು ಗುರುತಿಸಿದ. ಹಾಗಾದರೆ ಇದು ಸುವಾರ್ತೆಕಾರರ ಸೃಷ್ಟಿಯಲ್ಲ, ಸಂತೆಯ ಲೆಕ್ಕದಲ್ಲಿ ಬರುತ್ತಿದ್ದ ಮಾತು, ಆಳಿಗೋ ಸೈನಿಕನಿಗೋ ದಿನವಹಿ ಕೊಡುವ ಪಡಿಗೆ ಇದ್ದ ಹೆಸರು ಎಂದು ಹಲವರು ನಂಬಿದರು, ನಿಘಂಟುಗಳಲ್ಲಿಯೂ ಅದು ಸೇರಿತು. ಆದರೆ ಕಳೆದುಹೋಯಿತೆಂದೇ ತಿಳಿದಿದ್ದ ಆ ಹಾಳೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ಕೈಗೆ ಸಿಕ್ಕಿ, ಹೊಸಬರು ಅಕ್ಷರ ಕೂಡಿಸಿ ಓದಿದಾಗ ಅಲ್ಲಿದ್ದದ್ದು ಎಪಿಯೂಸಿಯೊಸ್ ಆಗಿರದೆ, ‘ಎಣ್ಣೆ’ ಎಂಬರ್ಥದ ಬಹು ಸಾಮಾನ್ಯವಾದ ಗ್ರೀಕ್ ಪದವಾಗಿತ್ತು. ಸುಮಾರು ನೂರು ವರ್ಷ ಪಂಡಿತರ ವಾದಕ್ಕೆ ಆಧಾರವಾಗಿದ್ದ ಸಾಕ್ಷಿ, ಯಾರೋ ಕೊಂಡ ಎಣ್ಣೆಯ ಲೆಕ್ಕವಾಗಿ ಮುಗಿಯಿತು.

ಬೇರೆ ಸಾಕ್ಷಿ ಇಲ್ಲದಿದ್ದಾಗ ಉಳಿಯುವ ದಾರಿ ಪದವನ್ನೇ ಬಿಡಿಸುವುದು. ‘ಎಪಿ’ ಎಂಬುದು ಮೇಲೆ, ಮುಂದೆ, ಕಡೆಗೆ ಎಂಬ ಅರ್ಥಗಳನ್ನು ಕೊಡುವ ಉಪಸರ್ಗವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ತಕರಾರು ಇರುವುದು ಉಳಿದ ಭಾಗದ ಬಗ್ಗೆ. ಅದು ಇರುವಿಕೆ, ಸತ್ತ್ವ ಎಂದು ಅರ್ಥವಿರುವ ‘ಊಸಿಯಾ’ದಿಂದ ಬಂದಿದ್ದರೆ, ಬದುಕಿರಲು ಬೇಕಾದ ಆಹಾರ ಎಂದಾಗಲಿ, ಲೌಕಿಕ ಸತ್ತ್ವವನ್ನು ಮೀರಿದ ಆಹಾರ ಎಂದಾಗಲಿ ಅರ್ಥ ಹೇಳಬೇಕಾಗುತ್ತದೆ. ‘ಬರು, ಸಮೀಪಿಸು’ ಎಂಬರ್ಥದ ಕ್ರಿಯಾಪದದಿಂದ ಬಂದಿದ್ದರೆ, ಬರುವ ದಿನದ ಆಹಾರ ಎಂದಾಗುತ್ತದೆ. ಇಲ್ಲಿ ಕನ್ನಡದ ಓದುಗರಿಗೆ ಶಾಲೆಯಲ್ಲಿ ಕಲಿತ ಲೋಪಸಂಧಿ ನೆರವಾಗುತ್ತದೆ: ‘ಊರು’ ಮತ್ತು ‘ಅಲ್ಲಿ’ ಸೇರುವಾಗ ನಡುವಿನ ಉಕಾರ ಬಿದ್ದುಹೋಗಿ ‘ಊರಲ್ಲಿ’ ಆಗುವಂತೆ, ಗ್ರೀಕಿನಲ್ಲಿಯೂ ‘ಎಪಿ’ಯ ಮುಂದೆ ಸ್ವರ ಬಂದರೆ ಸಾಮಾನ್ಯವಾಗಿ ಅದರ ಇಕಾರ ಲೋಪವಾಗುತ್ತದೆ, ಆದ್ದರಿಂದ ‘ಎಪಿ’ಯೂ ‘ಊಸಿಯಾ’ವೂ ಸೇರಿದ್ದರೆ ‘ಎಪೂಸಿಯೊಸ್’ ಎಂಬ ರೂಪವನ್ನು ನಿರೀಕ್ಷಿಸಬೇಕಾಗಿತ್ತು. ಇಕಾರ ಉಳಿದುಕೊಂಡಿರುವುದಕ್ಕೆ ಸರಳವಾದ ಕಾರಣ, ಅದು ‘ಬರು’ ಎಂಬ ಕ್ರಿಯಾಪದದ ಧಾತುವಿನಲ್ಲೇ ಇರುವ ಇಕಾರವೆಂಬುದು. ಈ ನಿಯಮಕ್ಕೆ ಗ್ರೀಕಿನಲ್ಲಿ ಅಪವಾದಗಳಿರುವುದರಿಂದ ವಾದ ಇಲ್ಲಿಗೇ ಮುಗಿಯುವುದಿಲ್ಲವಾದರೂ, ಇದೇ ಕ್ರಿಯಾಪದದಿಂದ ಬಂದ ‘ಎಪಿಯೂಸಾ’ ಎಂಬ ರೂಪ ‘ಮರುದಿನ’ ಎಂಬರ್ಥದಲ್ಲಿ ಗ್ರೀಕಿನಲ್ಲಿ ಧಾರಾಳವಾಗಿ ಬಳಕೆಯಲ್ಲಿತ್ತೆಂಬುದು ಅದಕ್ಕೆ ತೂಕ ಕೊಡುತ್ತದೆ. ಪೌಲನು ತ್ರೋವದಿಂದ ಹಡಗು ಹತ್ತಿ ಸಮೊಥ್ರಾಕೆಗೆ ಹೋಗಿ ಮರುದಿನ ನೆಯಾಪೊಲಿಗೆ ಮುಟ್ಟಿದನೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳುವಾಗ, ‘ಮರುದಿನ’ ಎಂಬ ಕಡೆ ಲೂಕನು ಇಟ್ಟಿರುವುದು ಆ ಮಾತನ್ನೇ.

ಇದಕ್ಕಿಂತ ಬಲವಾದ ಸುಳಿವು ಅಕ್ಕಪಕ್ಕದ ಮಾತುಗಳಲ್ಲಿದೆ. ಮತ್ತಾಯನ ಪಾಠದಲ್ಲಿ ಎಪಿಯೂಸಿಯೊಸ್‌ನ ಜೊತೆಗೇ ‘ಈ ಹೊತ್ತು’ ಎಂಬರ್ಥದ ‘ಸೇಮೆರೊನ್’ ಇದೆ. ಲೂಕನಲ್ಲಿ ಅದರ ಬದಲು ‘ದಿನದಿನವೂ’ ಎಂಬ ಮಾತಿದೆ. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗಿ, ಮತ್ತಾಯನಲ್ಲಿ ಒಮ್ಮೆ ಕೊಡುವುದನ್ನು ಸೂಚಿಸುವ ‘ಕೊಡು’ ಎಂಬ ರೂಪವೂ ಲೂಕನಲ್ಲಿ ‘ಕೊಡುತ್ತಾ ಇರು’ ಎನ್ನುವ ರೂಪವೂ ಕಾಣುತ್ತವೆ. ಎಪಿಯೂಸಿಯೊಸ್‌ಗೆ ‘ಅನುದಿನದ’ ಎಂಬುದೇ ಅರ್ಥವಾಗಿದ್ದರೆ, ದಿನದಿನದ ಆಹಾರವನ್ನು ದಿನದಿನವೂ ಕೊಡೆಂದು ಲೂಕನು ಬರೆದಂತಾಗುತ್ತದೆ, ಗ್ರೀಕ್ ಗದ್ಯದಲ್ಲಿ ಪಳಗಿದ ಕೈಯಾದ ಲೂಕನಿಂದ ಇಂಥ ಪುನರುಕ್ತಿಯನ್ನು ನಿರೀಕ್ಷಿಸುವುದು ಕಷ್ಟ. ಪದಕ್ಕೆ ಬೇರೇನೋ ಒಂದು ಹೆಚ್ಚಿನ ಅರ್ಥ ಇದ್ದಿರಬೇಕು.

ಯೇಸು ಆಡುತ್ತಿದ್ದದ್ದು ಗ್ರೀಕನ್ನಲ್ಲ, ಅರಮಾಯಿಕ್ ಭಾಷೆಯನ್ನು. ಆದ್ದರಿಂದ ಆ ಭಾಷೆಯಲ್ಲಿ ಮೂಲ ಮಾತು ಏನಿದ್ದೀತು ಎಂಬ ಹುಡುಕಾಟವೂ ಹಳೆಯದು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್, ಈಗ ಉಳಿದಿಲ್ಲದ ‘ಇಬ್ರಿಯರ ಸುವಾರ್ತೆ’ ಎಂಬ ಪುಸ್ತಕದಲ್ಲಿ ಈ ಸ್ಥಳದಲ್ಲಿ ‘ಮಾಹಾರ್’, ಎಂದರೆ ‘ನಾಳೆಯ’, ಎಂದಿರುವುದನ್ನು ಕಂಡೆನೆಂದು ಬರೆದಿದ್ದಾನೆ. ಹೀಗೆ ಬರೆದವನೇ ತನ್ನ ಅನುವಾದದಲ್ಲಿ ಅದನ್ನು ಬಳಸಲಿಲ್ಲವೆಂಬುದು ವಿಚಿತ್ರ: ಲೂಕನಲ್ಲಿ ಎಲ್ಲರಿಗೂ ರೂಢಿಯಾಗಿದ್ದ ‘ಕೊಟಿಡಿಯಾನುಮ್’ ಅಂದರೆ ‘ಅನುದಿನದ’ ಎಂಬುದನ್ನೇ ಉಳಿಸಿ, ಮತ್ತಾಯನಲ್ಲಿ ಮಾತ್ರ ‘ಸತ್ತ್ವವನ್ನು ಮೀರಿದ’ ಎಂಬರ್ಥದ ‘ಸೂಪರ್‌ಸಬ್‌ಸ್ಟಾನ್ಷಿಯಾಲೆಮ್’ ಎಂಬ ಉದ್ದನೆಯ ಪದವನ್ನು ಕಟ್ಟಿ ಇಟ್ಟ. ಒಂದೇ ಗ್ರೀಕ್ ಪದ, ಒಂದೇ ಪ್ರಾರ್ಥನೆ, ಒಬ್ಬನೇ ಅನುವಾದಕ, ಆದರೂ ಎರಡು ಅರ್ಥ. ಈ ಎರಡನೆಯ ಅರ್ಥದ ಹಿಂದೆ ಆ ಕಾಲದ ಗಾಳಿಯೂ ಬೀಸಿದೆ ಎನ್ನಬೇಕು. 325ರ ನಿಕಾಯಾ ಮಹಾಸಭೆಯಲ್ಲಿ ದೇವರ ಮತ್ತು ಕ್ರಿಸ್ತನ ‘ಊಸಿಯಾ’ ಒಂದೇ ಎಂಬ ನಿರ್ಣಯವಾದ ಮೇಲೆ ಆ ಪದಕ್ಕೆ ಬಂದ ಗಾಂಭೀರ್ಯ, ಗಲಿಲಾಯದ ಬೆಸ್ತರು ಪ್ರಾರ್ಥನೆ ಕಲಿಯುವ ಹೊತ್ತಿಗೆ ಇರಲಿಲ್ಲ. ಈ ಅರ್ಥವನ್ನು ಒಪ್ಪಿದವರಿಗೆ ಪ್ರಾರ್ಥನೆಯಲ್ಲಿ ಬೇಡುವುದು ಬಲಿಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದವನ್ನು. ಕಥೋಲಿಕ ಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥ ಕಾಲದ ಅರ್ಥವನ್ನೂ ಈ ಅರ್ಥವನ್ನೂ ಎರಡನ್ನೂ ಮಾನ್ಯ ಮಾಡುತ್ತದೆ. ಮಾರ್ಟಿನ್ ಲೂಥರ್ ಮೊದಲು ಇದೇ ಕಡೆ ವಾಲಿದ್ದರೂ, 1529ರ ತನ್ನ ಕಿರಿಯ ಪ್ರಶ್ನೋತ್ತರ ಪುಸ್ತಕದಲ್ಲಿ ಆಹಾರವೆಂದರೆ ಅನ್ನ, ಬಟ್ಟೆ, ಮನೆ, ಹೊಲ, ದನಕರು, ಒಳ್ಳೆಯ ಹವಾಮಾನ, ಒಳ್ಳೆಯ ಆಡಳಿತ, ಒಳ್ಳೆಯ ನೆರೆಹೊರೆ ಎಲ್ಲವೂ ಎಂದು ಪಟ್ಟಿ ಕೊಟ್ಟು, ಇಡೀ ಬೇಡಿಕೆಯನ್ನು ನೆಲಕ್ಕಿಳಿಸಿದ.

ಪೂರ್ವದೇಶದ ಸಿರಿಯಾಕ್ ಕ್ರೈಸ್ತರು ಬೇರೆಯ ದಾರಿ ಹಿಡಿದರು. ‘ಪೆಶಿತ್ತಾ’ ಎಂದು ಹೆಸರಾದ ಅವರ ಬೈಬಲ್ ‘ನಮ್ಮ ಅಗತ್ಯದ ರೊಟ್ಟಿ’ ಎಂಬರ್ಥದಲ್ಲಿ ಅನುವಾದಿಸಿತು. ಈ ಅಂಶ ದಕ್ಷಿಣ ಭಾರತದ ಓದುಗರಿಗೆ ದೂರದ್ದಲ್ಲ, ಏಕೆಂದರೆ ಸಿರಿಯಾಕ್ ಆರಾಧನೆಯ ಹಳೆಯ ಪರಂಪರೆಯಿರುವ ಕೇರಳದ ಮಲಯಾಳಂ ಪ್ರಾರ್ಥನೆಯಲ್ಲಿ ‘ಅಗತ್ಯವಿರುವ ಆಹಾರ’ ಎಂಬ ಅರ್ಥವೇ ಇದೆ, ಪ್ರಾಟೆಸ್ಟಂಟ್ ತಮಿಳು ಬೈಬಲ್ಲಿನಲ್ಲಿಯೂ ‘ವೇಂಡಿಯ’, ಎಂದರೆ ‘ಬೇಕಾದ’, ಎಂಬ ಪದವಿದೆ. ತಮಿಳು ಕಥೋಲಿಕರಾದರೋ ಲ್ಯಾಟಿನ್ ಪರಂಪರೆಗೆ ಅನುಗುಣವಾಗಿ ‘ಅನುದಿನ’ವೆನ್ನುತ್ತಾರೆ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಹಳೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ, ಈಗಲೂ ಮಾರ್ಟಳ್ಳಿಯಂಥ ಊರುಗಳಲ್ಲಿ ತಮಿಳು ಮನೆಮಾತಿನ ಕ್ರೈಸ್ತರು ಬಹಳವಾಗಿರುವ ಈ ಸೀಮೆಯಲ್ಲಿ, ಕನ್ನಡ ಮತ್ತು ತಮಿಳು ಬೈಬಲ್ಲುಗಳೆರಡನ್ನೂ ಅಕ್ಕಪಕ್ಕ ಇಟ್ಟು ಓದಬಲ್ಲವರಿಗೆ, ಪ್ರಾಚೀನ ರೋಮ್ ಮತ್ತು ಸಿರಿಯಾಗಳ ಭಿನ್ನಾಭಿಪ್ರಾಯ ಒಂದೇ ಮೇಜಿನ ಮೇಲೆ ಸಿಕ್ಕುತ್ತದೆ. ಮಂಗಳೂರು ಕಡೆಯ ಕೊಂಕಣಿ ಕಥೋಲಿಕರದು ಇನ್ನೂ ಒಂದು ಸೊಗಸು. ಅವರು ಬೇಡುವುದು ಸಂಸ್ಕೃತದ ‘ಗ್ರಾಸ’ದಿಂದ ಬಂದ ‘ಗಿರಾಸ್’, ಎಂದರೆ ದಿನದ ತುತ್ತು.

ಕನ್ನಡದಲ್ಲಿ ‘ಅನುದಿನದ’ ಎಂಬುದು ನೆಲೆಯಾದ ಬಗೆಯನ್ನು ನೋಡಬೇಕಾದರೆ ಬಳ್ಳಾರಿಗೆ ಹೋಗಬೇಕು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ನೆಲೆಸಿ, ಕನ್ನಡ ಕಲಿತು, ವಿಲಿಯಂ ರೀವ್ ಮೊದಲಾದವರ ಜೊತೆಗೆ ಅನುವಾದದ ಕೆಲಸವನ್ನು ಮುಂದುವರಿಸಿದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು; ಶತಮಾನದ ನಡುಭಾಗದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ, ಹರ್ಮನ್ ಮೋಗ್ಲಿಂಗ್ ಅವರಂಥವರ ಕೈಯಲ್ಲಿ ಅದು ಪರಿಷ್ಕಾರಗೊಂಡಿತು. ಈ ಪ್ರಯತ್ನಗಳನ್ನು ಎಲ್ಲ ಕ್ರೈಸ್ತರೂ ಮೆಚ್ಚಿದರೆಂದು ತಿಳಿಯಬಾರದು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ದುಡಿದ ಫ್ರೆಂಚ್ ಕಥೋಲಿಕ ಪಾದ್ರಿ ಅಬ್ಬೆ ದುಬೊಯ್, 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ, ಭಾರತೀಯ ಭಾಷೆಗಳಿಗೆ ಆಗುತ್ತಿದ್ದ ಬೈಬಲ್ ಅನುವಾದಗಳ ಒರಟು ಶೈಲಿಯನ್ನು ಕಟುವಾಗಿ ಟೀಕಿಸಿ, ಇವು ಕ್ರೈಸ್ತ ಧರ್ಮದ ಬಗ್ಗೆ ತಿರಸ್ಕಾರ ಹುಟ್ಟಿಸುತ್ತವೆಯೇ ಹೊರತು ಗೌರವವನ್ನಲ್ಲ ಎಂದು ವಾದಿಸಿದ. ಅವನ ಸಭೆಯಲ್ಲಿ ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು, 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ ಅದು ಜನರ ಭಾಷೆಗೆ ಬಂದದ್ದು. ಮತ್ತು ಆ ಲ್ಯಾಟಿನ್ ಪೂಜೆಯಲ್ಲಿ ಹೇಳುತ್ತಿದ್ದದ್ದು ಜೆರೋಮನ ಉದ್ದನೆಯ ಪದವನ್ನಲ್ಲ, ಹಳೆಯ ‘ಕೊಟಿಡಿಯಾನುಮ್’ ಅನ್ನೇ. ಹೀಗೆ ಕಥೋಲಿಕರಿಗೆ ಲ್ಯಾಟಿನ್ನಿನ ಮೂಲಕ, ಪ್ರಾಟೆಸ್ಟಂಟರಿಗೆ ಆ ಲ್ಯಾಟಿನ್ನಿನ ನೆರಳಿನಲ್ಲೇ ಬೆಳೆದ ಯೂರೋಪಿನ ಭಾಷೆಗಳ ಮೂಲಕ, ಒಂದೇ ಅರ್ಥ ಎರಡು ಕಡೆಯಿಂದ ಬಂದು ಕನ್ನಡದಲ್ಲಿ ಕೂಡಿಕೊಂಡಿತು.

ಅನುವಾದಕರಿಗೆ ವಿಶೇಷಣಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಬಹುಶಃ ಅದರ ಪಕ್ಕದ ನಾಮಪದ. ಗ್ರೀಕಿನ ‘ಆರ್ತೊಸ್’ ಎಂದರೆ ಗೋಧಿಯ ಅಥವಾ ಜವೆಯ ರೊಟ್ಟಿ. ಕನ್ನಡ ಬೈಬಲ್ಲಿನಲ್ಲಿ ಇದೇ ಪದ ಯೇಸು ಐದು ಸಾವಿರ ಜನರಿಗೆ ಹಂಚಿದ ಕಡೆ ‘ರೊಟ್ಟಿ’ಯಾಗಿದೆ, ಅಡವಿಯಲ್ಲಿ ಸೈತಾನನು ಶೋಧಿಸಿದ ಕಡೆಯೂ ‘ರೊಟ್ಟಿ’ಯೇ, ಯೋಹಾನನ ಆರನೆಯ ಅಧ್ಯಾಯದಲ್ಲಿ ಯೇಸು ತನ್ನನ್ನೇ ಜೀವ ಕೊಡುವ ರೊಟ್ಟಿಯೆಂದು ಕರೆದುಕೊಳ್ಳುವಾಗಲೂ ‘ರೊಟ್ಟಿ’ಯೇ, ಪ್ರಾರ್ಥನೆಯಲ್ಲಿ ಮಾತ್ರ ಅದು ‘ಆಹಾರ’ವಾಯಿತು. ಇದರಿಂದ ಗಳಿಸಿದ್ದೂ ಇದೆ, ಕಳೆದುಕೊಂಡದ್ದೂ ಇದೆ. ಪರಮಪ್ರಸಾದದ ರೊಟ್ಟಿಗೂ ಪ್ರಾರ್ಥನೆಯ ರೊಟ್ಟಿಗೂ ಗ್ರೀಕಿನಲ್ಲಿ ಕಿವಿಗೇ ಕೇಳಿಸುವ ನಂಟು ಕನ್ನಡದಲ್ಲಿ ಕಡಿದುಹೋಗಿದೆ. ಆದರೆ ರೊಟ್ಟಿ ಉಣ್ಣದ ನಾಡಿನವರು ತಮ್ಮದಲ್ಲದ ಊಟವನ್ನು ಬೇಡುವ ಮುಜುಗರವೂ ತಪ್ಪಿದೆ. ಸತ್ತೇಗಾಲ, ಧನಗೆರೆ, ಪಾಳ್ಯ, ಕಾಮಗೆರೆಯ ಕಡೆ ರಾಗಿ ಮುದ್ದೆಗೆ ‘ಹಿಟ್ಟು’ ಎಂದೇ ಹೆಸರು, ‘ಹಿಟ್ಟುಂಡ್ರಾ’ ಎಂದರೆ ಊಟವಾಯಿತೇ ಎಂದು ಅರ್ಥ, ಮತ್ತು ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿನ ಮಲ್ಲಿಗೆಯನ್ನು ಹಾಸ್ಯ ಮಾಡುವ ಗಾದೆ ಇಡೀ ಕನ್ನಡನಾಡಿಗೆ ಗೊತ್ತು. ಇಬ್ರಿಯ ಭಾಷೆಯಲ್ಲಿ ‘ಲೆಹೆಮ್’ ಎಂಬ ಪದ ರೊಟ್ಟಿಯನ್ನೂ ಒಟ್ಟಾರೆ ಊಟವನ್ನೂ ಹೇಳುವಂತೆ, ಒಂದು ಪದಾರ್ಥದ ಹೆಸರಿನಿಂದಲೇ ಇಡೀ ಬದುಕಿನ ಊಟವನ್ನು ಹೇಳುವ ಮಾತು ಈ ಸೀಮೆಯಲ್ಲಿ ತಯಾರಾಗಿಯೇ ಇತ್ತು. ಬಳ್ಳಾರಿ, ಮಂಗಳೂರುಗಳಲ್ಲಿ ಕುಳಿತು ಬರೆದವರಿಗೆ ಅದು ಕೇಳಿಸದೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ, ಕೇಳಿಸಿದ್ದರೂ ವೇದಪುಸ್ತಕದ ಘನತೆಗೆ ಸಲ್ಲದೆಂದು ಬಿಡುತ್ತಿದ್ದರೇನೋ.

‘ನಾಳೆಯ ರೊಟ್ಟಿ’ ಎಂಬ ಅರ್ಥಕ್ಕೆ ಬರುವ ದೊಡ್ಡ ಆಕ್ಷೇಪ ಮತ್ತಾಯನ ಅದೇ ಅಧ್ಯಾಯದಿಂದ ಹುಟ್ಟುತ್ತದೆ. ಅಧ್ಯಾಯದ ಕೊನೆಯಲ್ಲಿ ನಾಳೆಯ ಚಿಂತೆ ಮಾಡಬೇಡಿರೆಂದು ಉಪದೇಶಿಸುವವನು ನಡುವಿನಲ್ಲಿ ನಾಳೆಯ ರೊಟ್ಟಿಯನ್ನು ಬೇಡಲು ಕಲಿಸುವುದು ಹೇಗೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯವಾಗಿಯೇ ಇದೆ. ಆದರೆ ದಿನಗೂಲಿಯವರ ಬದುಕನ್ನು ಬಲ್ಲವರಿಗೆ ಈ ವಿರೋಧ ಅಷ್ಟಾಗಿ ಕಾಣುವುದಿಲ್ಲ. ಸಂಜೆ ಕೈಗೆ ಬಂದ ಕೂಲಿಯಲ್ಲಿ ಸಾಮಾನು ತಂದರೆ ರಾತ್ರಿ ಮತ್ತು ಮರುದಿನದ ಊಟ ನಡೆಯುತ್ತದೆ. ಅಂಥವರಿಗೆ ‘ಬರುವ ದಿನದ ಪಡಿಯನ್ನು ಇಂದೇ ಕೊಡು’ ಎಂಬುದು ದುರಾಸೆಯಲ್ಲ, ಚಿಂತೆಯಿಲ್ಲದೆ ಒಂದು ರಾತ್ರಿ ನಿದ್ದೆ ಮಾಡುವುದಕ್ಕೆ ಬೇಕಾದ ಕನಿಷ್ಠ. ಬೆಳಗಿನಲ್ಲಿ ಹೇಳಿದರೆ ಬರುವ ದಿನವೆಂದರೆ ಆಗಷ್ಟೇ ತೊಡಗಿದ ದಿನ, ಸಂಜೆ ಹೇಳಿದರೆ ನಾಳೆ. ಎರಡೂ ಒಂದು ದಿನಕ್ಕೆ ಮಾತ್ರ.

ಈ ಒಂದು ದಿನದ ಅಳತೆಗೆ ಯೆಹೂದ್ಯರ ನೆನಪಿನಲ್ಲಿ ಒಂದು ಹಳೆಯ ಕಥೆಯಿತ್ತು. ಐಗುಪ್ತದಿಂದ ಹೊರಟ ಇಸ್ರಾಯೇಲರು ಅಡವಿಯಲ್ಲಿ ಹಸಿದಾಗ ಆಕಾಶದಿಂದ ಬಿದ್ದ ‘ಮನ್ನ’ವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಾಗಿತ್ತು, ಕೂಡಿಟ್ಟದ್ದಕ್ಕೆ ಹುಳ ಬೀಳುತ್ತಿತ್ತು, ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಸಿಕ್ಕಿ ಅದು ಕೆಡದೆ ಉಳಿಯುತ್ತಿತ್ತು. ಹಗೇವಿನಲ್ಲಿ, ಎಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡಬಲ್ಲ ಹಳೆಯ ಮೈಸೂರಿನ ಒಕ್ಕಲಿಗೆ ಮನ್ನದ ಈ ನಿಯಮ ಒಗ್ಗುವಂಥದ್ದಲ್ಲ. ಹಗೇವು ಬರಗಾಲಕ್ಕೆ ಕಟ್ಟಿದ ಗೋಡೆ, ಅದನ್ನು ತೋಡಿದವರದು ವಿವೇಕವೇ ಹೊರತು ಅವಿಶ್ವಾಸವಲ್ಲ. ಆದರೆ ಹಗೇವು ಇದ್ದದ್ದು ಹೊಲವಿದ್ದವರ ಮನೆಯಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರುವಂತೆ ಕಳಿಸಿದಳೆಂಬ ಶರಣರ ಕಥೆ, ಮಲೆ ಮಹದೇಶ್ವರನ ಈ ಸೀಮೆಯಲ್ಲಿ ಕ್ರೈಸ್ತರಿಗೂ ಅಪರಿಚಿತವಲ್ಲ. ಮನ್ನದ ಕಥೆಯಲ್ಲಿ ಹುಳಗಳು ಮಾಡಿದ ಕೆಲಸವನ್ನು ಇಲ್ಲಿ ಲಕ್ಕಮ್ಮನೇ ಮಾಡಿದ್ದಾಳೆ.

ಕನ್ನಡದಲ್ಲಿ ಎಪಿಯೂಸಿಯೊಸ್‌ಗೆ ಹತ್ತಿರವಾದ ಪದವೊಂದನ್ನು ಆರಿಸಬೇಕೆಂದರೆ, ‘ಅನುದಿನದ ಆಹಾರ’ಕ್ಕಿಂತ ‘ದಿನದ ಪಡಿ’ಯೇ ಮೇಲೆಂದು ತೋರುತ್ತದೆ. ಪಡಿ ಎಂದರೆ ಅಳತೆಯೂ ಹೌದು, ಅಳೆದು ಕೊಡುವ ಧಾನ್ಯವೂ ಹೌದು. ದೇವಸ್ಥಾನದ ನೈವೇದ್ಯಕ್ಕೆ, ಮಠದ ಊಟಕ್ಕೆ, ಆಳುಮಕ್ಕಳಿಗೆ ದಿನವಹಿ ಅಳೆದು ಕೊಡುತ್ತಿದ್ದದ್ದು ಪಡಿ, ಈಗ ನ್ಯಾಯಬೆಲೆ ಅಂಗಡಿಯ ಮುಂದೆ ಚೀಟಿ ಹಿಡಿದು ಪಡೆಯುವುದು ಪಡಿತರ. ಆ ಪದದಲ್ಲಿ ಕೊಡುವವನೊಬ್ಬ ಇದ್ದಾನೆ, ಪಡೆಯುವವನ ಹಕ್ಕೂ ಇದೆ, ಅವಧಿಯೂ ಅಡಗಿದೆ. ‘ಅನುದಿನ’ದಲ್ಲಿ ಅವಧಿಯೊಂದೇ ಉಳಿಯುತ್ತದೆ. ನೂರಾರು ವರ್ಷ ನಾಲಿಗೆಗೆ ಒಗ್ಗಿದ ಪ್ರಾರ್ಥನೆಯನ್ನು ಇದಕ್ಕಾಗಿ ಯಾರೂ ಬದಲಿಸುವುದಿಲ್ಲ, ಬದಲಿಸಬೇಕಾಗಿಯೂ ಇಲ್ಲ.

ಮತ್ತಾಯನೇ ಮುಂದೆ ಇಪ್ಪತ್ತನೆಯ ಅಧ್ಯಾಯದಲ್ಲಿ ಕೊಡುವ ದ್ರಾಕ್ಷೇತೋಟದ ಕೂಲಿಗಳ ಸಾಮ್ಯವನ್ನು ಈ ಪದದ ಪಕ್ಕದಲ್ಲಿಟ್ಟು ಓದುವುದು ಲಾಭದಾಯಕ. ಒಂದು ದಿನಾರ ಆ ಕಾಲದಲ್ಲಿ ಒಬ್ಬ ಆಳಿನ ಒಂದು ದಿನದ ಕೂಲಿ. ತೋಟದ ಯಜಮಾನ ಬೆಳಿಗ್ಗೆ ಪೇಟೆಯಲ್ಲಿ ನಿಂತಿದ್ದವರನ್ನು ಆ ದರಕ್ಕೆ ಗೊತ್ತು ಮಾಡಿಕೊಂಡು, ಆಮೇಲೆ ಮೂರು ಗಂಟೆಗೊಮ್ಮೆ ಹೋಗಿ, ಕೊನೆಗೆ ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಇರುವಾಗಲೂ ಹೋಗಿ, ಯಾರೂ ಕರೆಯದೆ ಉಳಿದಿದ್ದವರನ್ನು ಕರೆತರುತ್ತಾನೆ. ಬಟವಾಡೆಯ ಹೊತ್ತಿಗೆ ಎಲ್ಲರಿಗೂ ಒಂದೊಂದು ದಿನಾರವನ್ನೇ ಕೊಡುತ್ತಾನೆ, ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ವ್ಯಾಖ್ಯಾನಕಾರರು ಇದನ್ನು ಹೆಚ್ಚಾಗಿ ದೇವರ ಉದಾರತೆಯ ಕಥೆಯೆಂದು ವಿವರಿಸುತ್ತಾರೆ, ಅದು ತಪ್ಪಲ್ಲ. ಆದರೆ ಆರನೆಯ ಅಧ್ಯಾಯದ ಬೇಡಿಕೆಯನ್ನು ನೆನಪಿಟ್ಟುಕೊಂಡು ಓದಿದರೆ ಯಜಮಾನನ ಲೆಕ್ಕದಲ್ಲಿ ಒಂದು ತರ್ಕವೂ ಕಾಣುತ್ತದೆ: ಒಂದು ಗಂಟೆ ಮಾತ್ರ ದುಡಿದವನ ಮನೆಯಲ್ಲಿಯೂ ಉಣ್ಣುವ ಬಾಯಿಗಳು ಅಷ್ಟೇ ಇರುತ್ತವೆ, ದಿನಾರದ ಹನ್ನೆರಡನೆಯ ಒಂದು ಪಾಲಿಗೆ ಅವರ ನಾಳೆಯ ಹಿಟ್ಟು ಹುಟ್ಟುವುದಿಲ್ಲ.